ವರ್ಮಾಂಟ್‌ನ ಗೋಡೆ ಪಕ್ಕದ ಬೆಂಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ನಮ್ಮೂರಿನ ಟೌನ್ ಮೀಟಿಂಗ್ ಬಗ್ಗೆ, ಅಂದರೆ ಊರಿನ ಮತದಾರರೆಲ್ಲ ಸೇರಿ ಬಜೆಟ್ ತೀರ್ಮಾನಿಸುವ ವರ್ಷದ ಸಭೆಯ ಬಗ್ಗೆ, ಒಂದು ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನೆಲ್ಲ ಸಂಪಾದಕರು ಒಟ್ಟಿಗೆ ಕಳಿಸಿ, ‘ನೀವೇ ಉತ್ತರ ಬರೆದುಬಿಡಿ’ ಅಂದರು. ನಾನು ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಬಂದು 23 ವರ್ಷ ಆಯಿತು. ನಮ್ಮದು 1,800 ಜನರ ಊರು. ಊರಿನ ಲೈಬ್ರರಿಯಲ್ಲಿ ನನ್ನ ಕೆಲಸ. ಕಪಾಟಿನಲ್ಲಿರುವ ಪುಸ್ತಕಗಳಿಂದ ಮತ್ತು ಕೌಂಟರ್ ಮುಂದೆ ನಿಂತು ಮಾತಾಡುವ ಜನರಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪ್ರಶ್ನೆ: ಊರಿನ ಬಜೆಟ್ಟನ್ನು ಊರಿನವರೇ ಕೂತು ಪಾಸ್ ಮಾಡುತ್ತಾರೆ ಅಂತ ಬರೆದಿದ್ದೀರಿ. ಚುನಾಯಿತ ಸದಸ್ಯರು ಇದ್ದಾಗ ಜನರಿಗೇನು ಕೆಲಸ? ಸ್ವಲ್ಪ ಬಿಡಿಸಿ ಹೇಳಿ. (ನಿವೃತ್ತ ಶಿಕ್ಷಕರು)

ಸರ್, ಇಲ್ಲಿ ಸದಸ್ಯರು ಇದ್ದಾರೆ. ಸೆಲೆಕ್ಟ್‌ಬೋರ್ಡ್ ಅಂತ ಕರೆಯುತ್ತಾರೆ. ಕೆಲವು ಊರಲ್ಲಿ ಮೂವರು, ಕೆಲವು ಊರಲ್ಲಿ ಐವರು. ವರ್ಷವಿಡೀ ಊರು ನಡೆಸುವವರು ಅವರೇ. ಆದರೆ ದುಡ್ಡಿನ ವಿಷಯ ಬಂದಾಗ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಮುಂದೆ ನಿಲ್ಲಬೇಕು. ಅವತ್ತು ರಾಜ್ಯಕ್ಕೇ ರಜೆ.

ತಿಂಗಳು ಮುಂಚೆಯೇ ನೋಟಿಸ್ ಅಂಟಿಸುತ್ತಾರೆ. ಅದಕ್ಕೆ ‘ವಾರ್ನಿಂಗ್’ ಅಂತ ಹೆಸರು. ಯಾವ ಯಾವ ವಿಷಯ ಮತಕ್ಕೆ ಬರುತ್ತದೆ ಅನ್ನುವುದೆಲ್ಲ ಅದರಲ್ಲಿ ಇರಬೇಕು. ನೋಟಿಸಿನಲ್ಲಿ ಇಲ್ಲದ ಖರ್ಚನ್ನು ಅವತ್ತು ಹೊಸದಾಗಿ ತರುವ ಹಾಗಿಲ್ಲ. ಜೊತೆಗೆ ‘ಟೌನ್ ರಿಪೋರ್ಟ್’ ಅಂತ ಒಂದು ಪುಸ್ತಕ. ಊರಿನ ಪ್ರತಿ ಡಾಲರ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಅದರಲ್ಲಿ ಇರುತ್ತದೆ. ಎಷ್ಟೋ ಊರುಗಳು ತೆರಿಗೆ ಬಾಕಿ ಇಟ್ಟವರ ಹೆಸರನ್ನೂ ಹಾಕುತ್ತವೆ. ಲೈಬ್ರರಿಗೆ ಬರುವ ರೈತರು ಈ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಓದುವುದನ್ನು ನಾನು ಪ್ರತಿ ಫೆಬ್ರವರಿಯಲ್ಲಿ ನೋಡುತ್ತೇನೆ. ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಸಭೆ ನಡೆಯುವುದು ಶಾಲೆಯ ಜಿಮ್‌ನಲ್ಲೋ ಹಳೇ ಟೌನ್ ಹಾಲ್‌ನಲ್ಲೋ. ಮೊದಲು ಸಭೆ ನಡೆಸುವುದಕ್ಕೆ ಒಬ್ಬ ಮಾಡರೇಟರ್‌ನ ಆರಿಸುತ್ತಾರೆ. ಮಾತಾಡುವವರು ಎದುರಾಳಿಯ ಕಡೆ ತಿರುಗಿ ಮಾತಾಡುವ ಹಾಗಿಲ್ಲ, ಮಾಡರೇಟರ್ ಕಡೆ ನೋಡಿಯೇ ಮಾತಾಡಬೇಕು. ಈ ಒಂದು ನಿಯಮ ಎಷ್ಟು ಜಗಳ ತಪ್ಪಿಸಿದೆಯೋ! ಹೌದು ಅನ್ನುವವರು ‘ಆಯ್’ ಅಂತಾರೆ, ಬೇಡ ಅನ್ನುವವರು ‘ನೇ’ ಅಂತಾರೆ. ಧ್ವನಿಯಲ್ಲಿ ಗೊತ್ತಾಗದಿದ್ದರೆ ಎದ್ದು ನಿಲ್ಲಿಸಿ ತಲೆ ಎಣಿಸುತ್ತಾರೆ. ಬೇಕು ಅಂತ ಕೇಳಿದರೆ ಚೀಟಿ ಮತವೂ ಉಂಟು. ಹಿಮ ಗುಡಿಸುವ ಲಾರಿ ಹೊಸದು ಬೇಕಾ, ಇನ್ನೆರಡು ವರ್ಷ ಹಳೆಯದರಲ್ಲೇ ತಳ್ಳಬಹುದಾ ಅಂತ ಒಂದೂವರೆ ಗಂಟೆ ಮಾತು ನಡೆದದ್ದನ್ನು ನಾನು ಕೇಳಿದ್ದೇನೆ. ಆ ಲಾರಿ ಓಡಿಸುವವರೂ ಅಲ್ಲೇ ಕೂತಿದ್ದರು. ಬ್ರೇಕ್ ಹೇಗಿದೆ ಅಂತ ಅವರನ್ನೇ ಎಬ್ಬಿಸಿ ಕೇಳಿದರು.

ಮತದಾರರಲ್ಲದವರು ಗೋಡೆ ಪಕ್ಕದ ಬೆಂಚಿನಲ್ಲಿ ಕೂರಬೇಕು. ನಮ್ಮೂರಿನ ಕ್ರಮ ಅದು. ನನಗೆ ಪೌರತ್ವ ಸಿಕ್ಕಿದ್ದು 2011ರಲ್ಲಿ. ಅಲ್ಲಿಯವರೆಗೆ ಒಂಬತ್ತು ಮಾರ್ಚ್ ತಿಂಗಳು ಆ ಬೆಂಚಿನಲ್ಲಿ ಕೂತಿದ್ದೆ. ಒಂದೇ ಒಂದು ಸಲ ಲೈಬ್ರರಿ ಬಗ್ಗೆ ಏನೋ ಹೇಳಬೇಕಾಗಿ ಬಂತು. ಆಗ ಮಾಡರೇಟರ್ ಇಡೀ ಸಭೆಯನ್ನು ಕೇಳಿದರು: ಮತದಾರರಲ್ಲದ ಇವರು ಮಾತಾಡಬಹುದಾ? ಯಾರೂ ಬೇಡ ಅನ್ನಲಿಲ್ಲ. ಆದರೂ ಕಾಲು ನಡುಗಿತ್ತು.

2012ರ ಮಾರ್ಚ್‌ನಲ್ಲಿ ಮೊದಲ ಸಲ ನಡುವಿನ ಕುರ್ಚಿಯಲ್ಲಿ ಕೂತೆ. ಅದಕ್ಕೆ ಆರು ತಿಂಗಳು ಮುಂಚೆ, 2011ರ ಆಗಸ್ಟ್ 28ರಂದು, ಐರೀನ್ ಚಂಡಮಾರುತದ ಉಳಿಕೆ ಮಳೆ ವರ್ಮಾಂಟನ್ನು ಕೊಚ್ಚಿತ್ತು. ನಮ್ಮ ರಸ್ತೆಯ ಮೋರಿ ಕಿತ್ತು ಹೋಗಿ ಆರು ಮನೆಗಳು ನಾಲ್ಕು ದಿನ ಊರಿಂದ ದೂರ ಉಳಿದಿದ್ದವು. ಹಳೇ ಅಳತೆಯ ಮೋರಿಯನ್ನೇ ಹಾಕೋಣ, ಅಗ್ಗವಾಗುತ್ತೆ ಅಂತ ಒಬ್ಬ ಹಿರಿಯರು ವಾದ ಮಾಡಿದರು. ದೊಡ್ಡದೇ ಬೇಕು ಅಂತ ನಾನು ಎದ್ದು ಹೇಳಿದೆ. ನೀರು ಎಲ್ಲಿಯವರೆಗೆ ಏರಿತ್ತು ಅಂತ ನನ್ನ ಮನೆ ಮೆಟ್ಟಿಲಿನ ಲೆಕ್ಕ ಕೊಟ್ಟೆ. ಹದಿನಾಲ್ಕು ಮತದ ಅಂತರದಲ್ಲಿ ದೊಡ್ಡ ಮೋರಿ ಗೆದ್ದಿತು. ಮಧ್ಯಾಹ್ನದ ಊಟಕ್ಕೆ ಸಾಲಿನಲ್ಲಿ ನಿಂತಾಗ, ಬೇಯಿಸಿದ ಬೀನ್ಸ್ ಬಡಿಸುತ್ತಿದ್ದವರು ಅದೇ ಹಿರಿಯರು. ಮಾಂಸ ಹಾಕದ ಪಾತ್ರೆ ಯಾವುದು ಅಂತ ಅವರೇ ತೋರಿಸಿದರು.

ಎಲ್ಲಾ ಊರಲ್ಲೂ ಹೀಗೇ ಇದೆ ಅಂತ ತಿಳಿಯಬೇಡಿ. ಎಷ್ಟೋ ಊರುಗಳು ಈಗ ಬರೀ ಮತಪತ್ರಕ್ಕೆ ಬದಲಾಗಿವೆ. ಕೋವಿಡ್ ಆದ ಮೇಲೆ ಇದು ಜಾಸ್ತಿಯಾಯಿತು. ಕೆಲಸ ಬಿಟ್ಟು ಬರಲಾಗದವರಿಗೆ, ಪುಟ್ಟ ಮಕ್ಕಳಿರುವವರಿಗೆ ಅದೇ ಅನುಕೂಲ ಅನ್ನುವುದು ನ್ಯಾಯವಾದ ಮಾತು. ಆದರೆ ಮತಪತ್ರಕ್ಕೆ ಹೌದು, ಇಲ್ಲ ಎರಡೇ ಗೊತ್ತು. ‘ಲಾರಿ ಬೇಡ, ಬ್ರೇಕ್ ರಿಪೇರಿಗೆ ಇಷ್ಟು ಕೊಡೋಣ’ ಅಂತ ತಿದ್ದುವುದಕ್ಕೆ ಸಭೆಯೇ ಬೇಕು. ನಾನು ಸಭೆಯ ಪಕ್ಷ.

ಪ್ರಶ್ನೆ: ವರ್ಮಾಂಟ್ ಮೊದಲು ಬೇರೆಯೇ ದೇಶವಾಗಿತ್ತಂತೆ, ನಿಜವಾ ಅಕ್ಕಾ? ಗುಲಾಮಗಿರಿಯನ್ನು ಮೊದಲು ನಿಲ್ಲಿಸಿದ್ದೂ ಅದೇ ಅಂತೆ. (ಪಿಯುಸಿ ವಿದ್ಯಾರ್ಥಿನಿ)

ನಿಜ ಪುಟ್ಟಿ. 14 ವರ್ಷ ತನ್ನ ಪಾಡಿಗೆ ತಾನು ಇದ್ದ ನಾಡು ಇದು. ಕಾರಣ ಜಮೀನು ಜಗಳ. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್ 1749ರಿಂದ ಇಲ್ಲಿನ ಜಮೀನನ್ನು ಹಂಚಿ ಪತ್ರ ಮಾಡಿಕೊಟ್ಟ. ‘ಅದು ನಮ್ಮ ನೆಲ, ನಿಮ್ಮ ಪತ್ರ ನಡೆಯಲ್ಲ’ ಅಂತ ಇನ್ನೊಂದು ಪಕ್ಕದ ನ್ಯೂಯಾರ್ಕ್ ತಕರಾರು ತೆಗೆಯಿತು. ಕಾಡು ಕಡಿದು ಹೊಲ ಮಾಡಿಕೊಂಡವರು ಸುಮ್ಮನಿರುತ್ತಾರಾ? ಈಥನ್ ಆಲೆನ್ ಮುಂದಾಳತ್ವದಲ್ಲಿ ‘ಗ್ರೀನ್ ಮೌಂಟನ್ ಬಾಯ್ಸ್’ ಅನ್ನುವ ಗುಂಪು ಕಟ್ಟಿ ನ್ಯೂಯಾರ್ಕಿನ ಅಧಿಕಾರಿಗಳನ್ನು ಓಡಿಸಿದರು. ಅದೇ ಗುಂಪು 1775ರ ಮೇ ತಿಂಗಳಲ್ಲಿ ಬ್ರಿಟಿಷರಿಂದ ಟಿಕಾಂಡರೋಗಾ ಕೋಟೆ ಹಿಡಿಯಿತು. 1777ರ ಜುಲೈನಲ್ಲಿ ವಿಂಡ್ಸರ್ ಅನ್ನುವ ಊರಲ್ಲಿ ಸೇರಿ ಸ್ವಂತ ಸಂವಿಧಾನ ಬರೆದರು. ಸ್ವಂತ ನಾಣ್ಯವೂ ಇತ್ತು. ಕೊನೆಗೆ ನ್ಯೂಯಾರ್ಕಿಗೆ 30,000 ಡಾಲರ್ ಕೊಟ್ಟು ಜಗಳ ಮುಗಿಸಿ, 1791ರ ಮಾರ್ಚ್ 4ರಂದು 14ನೇ ರಾಜ್ಯವಾಗಿ ಸೇರಿದರು.

ಆ ಸಂವಿಧಾನ 21 ದಾಟಿದ ಗಂಡಸರನ್ನು, 18 ದಾಟಿದ ಹೆಂಗಸರನ್ನು ಗುಲಾಮರಾಗಿ ಇಟ್ಟುಕೊಳ್ಳಬಾರದು ಅಂದಿತು. 1777ಕ್ಕೆ ಅದು ದೊಡ್ಡ ಮಾತೇ. ಆದರೆ ವಯಸ್ಸು ಗಮನಿಸಿದೆಯಾ? ಮಕ್ಕಳ ವಿಷಯದಲ್ಲಿ ಬಾಗಿಲು ತೆರೆದೇ ಇತ್ತು. ಅದನ್ನು ಪೂರ್ತಿ ಮುಚ್ಚಿದ್ದು 2022ರ ನವೆಂಬರ್‌ನಲ್ಲಿ. ಯಾವ ರೂಪದ ಗುಲಾಮಗಿರಿಯೂ ಇರಬಾರದು ಅಂತ ಜನ ಮತ ಹಾಕಿ ಸಂವಿಧಾನ ತಿದ್ದಿದರು.

ಇನ್ನೊಂದು ವಿಷಯವನ್ನೂ ನೀನು ತಿಳಿದಿರಬೇಕು. ಜಗಳ ಆಡಿದ ಆ ನೆಲ ಇಬ್ಬರದ್ದೂ ಆಗಿರಲಿಲ್ಲ, ಇಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರದ್ದು. ನಮ್ಮ ನದಿ ವಿನೂಸ್ಕಿಯ ಹೆಸರು ಅವರದೇ ಭಾಷೆಯದು, ಈರುಳ್ಳಿ ಅಂತ ಅರ್ಥ. ದಡದಲ್ಲಿ ಕಾಡು ಈರುಳ್ಳಿ ಬೆಳೆಯುತ್ತಿತ್ತು. 1925ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಹೆನ್ರಿ ಪರ್ಕಿನ್ಸ್ ಅನ್ನುವ ಪ್ರೊಫೆಸರ್ ‘ಒಳ್ಳೆಯ ತಳಿ’ಯ ಮನುಷ್ಯರ ಹೆಸರಲ್ಲಿ ಒಂದು ಸಮೀಕ್ಷೆ ಶುರು ಮಾಡಿದ. ಬಡವರು, ಅಂಗವಿಕಲರು, ಅಬೆನಾಕಿ ಮತ್ತು ಫ್ರೆಂಚ್ ಕೆನಡಾ ಮೂಲದ ಮನೆತನಗಳ ಮೇಲೆ ಕಣ್ಣಿಟ್ಟರು. 1931ರಲ್ಲಿ ಸಂತಾನಹರಣ ಚಿಕಿತ್ಸೆಗೆ ಕಾನೂನೇ ಬಂತು. ವಿಧಾನಸಭೆ ಇದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ಗುಲಾಮಗಿರಿಯನ್ನು ಮೊದಲು ನಿಲ್ಲಿಸಿದ ನಾಡು ಅನ್ನುವ ಸಾಲನ್ನು ಶಾಲೆಯಲ್ಲಿ ಹೇಳಿಕೊಡುವಾಗ ಇದನ್ನೂ ಹೇಳಿಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಬರ್ನಿ ಸ್ಯಾಂಡರ್ಸ್ ಅವರಂಥ ಎಡಪಂಥೀಯರನ್ನು ಗೆಲ್ಲಿಸುವ ರಾಜ್ಯ, ಗವರ್ನರ್ ಆಗಿ ಬಲಪಂಥದ ರಿಪಬ್ಲಿಕನ್ ಪಕ್ಷದ ಒಬ್ಬರನ್ನು ಆರಿಸುತ್ತದೆ. ಇದೆಂಥ ಲೆಕ್ಕ? (ಬ್ಯಾಂಕ್ ಉದ್ಯೋಗಿ)

ನನಗೂ ಮೊದಲು ಅರ್ಥವಾಗಿರಲಿಲ್ಲ. 1856ರಿಂದ 1960ರವರೆಗೆ ಪ್ರತಿ ಅಧ್ಯಕ್ಷ ಚುನಾವಣೆಯಲ್ಲೂ ವರ್ಮಾಂಟ್ ರಿಪಬ್ಲಿಕನ್ನರಿಗೇ ಮತ ಹಾಕಿತ್ತು. 1936ರಲ್ಲಿ ಇಡೀ ದೇಶ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಕಡೆ ಹೋದಾಗ ಹೋಗದೆ ಉಳಿದದ್ದು ಎರಡೇ ರಾಜ್ಯ, ಮೇನ್ ಮತ್ತು ವರ್ಮಾಂಟ್. ಅಂಥ ರಾಜ್ಯದ ಬರ್ಲಿಂಗ್ಟನ್ ನಗರದಲ್ಲಿ 1981ರಲ್ಲಿ ಸ್ಯಾಂಡರ್ಸ್ ಮೇಯರ್ ಆದರು. ಅಂತರ ಎಷ್ಟು ಗೊತ್ತಾ? ಬರೀ 10 ಮತ.

ಈಗಿನ ಗವರ್ನರ್ ಫಿಲ್ ಸ್ಕಾಟ್ ರಿಪಬ್ಲಿಕನ್. 2024ರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಇಲ್ಲಿ ದೊಡ್ಡ ಅಂತರದಲ್ಲಿ ಗೆದ್ದರು. ಅದೇ ದಿನ ಅದೇ ಜನ ಸ್ಕಾಟ್ ಅವರನ್ನು ಐದನೇ ಸಲ ಗೆಲ್ಲಿಸಿದರು. ನಮ್ಮ ಗವರ್ನರ್ ಅವಧಿ ಎರಡೇ ವರ್ಷ, ಅದನ್ನೂ ನೆನಪಿಡಿ. ರಾಜ್ಯದ ಜನಸಂಖ್ಯೆ ಆರೂವರೆ ಲಕ್ಷದೊಳಗೆ. ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಎಂಟು ಸಾವಿರ ಜನ. ಇಷ್ಟು ಚಿಕ್ಕ ಜಾಗದಲ್ಲಿ ಪಕ್ಷಕ್ಕಿಂತ ಮುಖ ಮುಖ್ಯವಾಗುತ್ತದೆ. ಸ್ಕಾಟ್ ಕಾರ್ ರೇಸ್ ಓಡಿಸುವುದನ್ನು ಜನ ಬ್ಯಾರಿ ಊರಿನ ಥಂಡರ್ ರೋಡ್ ಟ್ರ್ಯಾಕ್‌ನಲ್ಲಿ ಬೇಲಿ ಪಕ್ಕ ನಿಂತು ನೋಡಿದ್ದಾರೆ. ಇಲ್ಲಿನ ಶಾಸನಸಭೆಯಲ್ಲಿ 150 ಪ್ರತಿನಿಧಿಗಳು, 30 ಸೆನೆಟರ್‌ಗಳು. ಅವರಿಗೆ ಸ್ವಂತ ಕೊಠಡಿ ಇಲ್ಲ, ಸಹಾಯಕರಿಲ್ಲ. ಏನಾದರೂ ಹೇಳಬೇಕಾ, ಶಾಸಕರು ಸೇರುವ ಸ್ಟೇಟ್ ಹೌಸಿನ ಕ್ಯಾಂಟೀನ್‌ಗೆ ಹೋದರೆ ಸಿಗುತ್ತಾರೆ. ಲೈಬ್ರರಿಗಳ ಅನುದಾನದ ಬಗ್ಗೆ ನಾನು ಎರಡು ಸಲ ಹೋಗಿದ್ದೆ. ಎರಡನೇ ಸಲ ನಮ್ಮ ಕ್ಷೇತ್ರದವರು ಸೂಪ್ ಕುಡಿಯುತ್ತಲೇ ನೋಟ್ಸ್ ಮಾಡಿಕೊಂಡರು.

ಸಿಟ್ಟೂ ಮುಖದ ಮೇಲೇ. 2000ರಲ್ಲಿ ಸಲಿಂಗ ಜೋಡಿಗಳಿಗೆ ‘ಸಿವಿಲ್ ಯೂನಿಯನ್’, ಅಂದರೆ ಮದುವೆಯಂಥದ್ದೇ ಕಾನೂನು ಮಾನ್ಯತೆ, ಕೊಟ್ಟ ಮೊದಲ ರಾಜ್ಯ ಇದು. ಆಗ ಅದನ್ನು ವಿರೋಧಿಸಿ ಕೊಟ್ಟಿಗೆಗಳ ಮೇಲೆ ‘ಟೇಕ್ ಬ್ಯಾಕ್ ವರ್ಮಾಂಟ್’ (ವರ್ಮಾಂಟನ್ನು ವಾಪಸ್ ಪಡೆಯಿರಿ) ಬೋರ್ಡುಗಳು ನಿಂತಿದ್ದವು. ನಾನು ಬಂದಾಗಲೂ ಕೆಲವು ಉಳಿದಿದ್ದವು. ಪರವಾಗಿ ಮತ ಹಾಕಿದ ಎಷ್ಟೋ ಶಾಸಕರು ಆ ವರ್ಷ ಸೀಟು ಕಳೆದುಕೊಂಡರು. ಒಂಬತ್ತು ವರ್ಷಕ್ಕೆ, 2009ರಲ್ಲಿ, ಗವರ್ನರ್ ವೀಟೊ ಹಾಕಿದರೂ ಅದನ್ನು ಮೀರಿ ಶಾಸಕರು ಮದುವೆಯ ಹಕ್ಕನ್ನೇ ಕೊಟ್ಟರು.

ಪ್ರಶ್ನೆ: ಮೇಪಲ್ ಸಿರಪ್ ಹೇಗೆ ಮಾಡುತ್ತಾರೆ? ಜೇನಿನ ಹಾಗಾ, ಬೆಲ್ಲದ ಹಾಗಾ? (ಗೃಹಿಣಿ)

ಜೋನಿಬೆಲ್ಲಕ್ಕೆ ಹತ್ತಿರ ಅನ್ನಿ, ಆದರೆ ತೆಳ್ಳಗೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಕರಗುವಷ್ಟು ಬಿಸಿಲು ಇರಬೇಕು. ಆಗ ಮೇಪಲ್ ಮರದ ರಸ ಹರಿಯುತ್ತದೆ. ನೋಡಿದರೆ ನೀರೇ, ಸಕ್ಕರೆ ಶೇ. 2ರಷ್ಟು. 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್. ಅಮೆರಿಕದ ಅರ್ಧದಷ್ಟು ಮೇಪಲ್ ಸಿರಪ್ ಈ ಪುಟ್ಟ ರಾಜ್ಯದ್ದೇ. ಕುದಿಸುವ ಮನೆಗೆ ಶುಗರ್‌ಹೌಸ್ ಅಂತಾರೆ. ಬಿಸಿ ಸಿರಪ್ಪನ್ನು ಹಿಮದ ಮೇಲೆ ಸುರಿದರೆ ಅಂಟು ಮಿಠಾಯಿ ಆಗುತ್ತದೆ. ಅದರ ಜೊತೆ ಹುಳಿ ಸೌತೆಕಾಯಿ ಕಚ್ಚಿಕೊಳ್ಳುತ್ತಾರೆ. ಮೊದಲ ಸಲ ವಿಚಿತ್ರ ಅನ್ನಿಸಿತ್ತು, ಈಗ ಅದಿಲ್ಲದೆ ತಿನ್ನಲಾರೆ.

ಪ್ರಶ್ನೆ: ಅಲ್ಲಿ ಎಲ್ಲರೂ ರೈತರೇನಾ? ಕಾರ್ಮಿಕರ ಚರಿತ್ರೆ ಏನೂ ಇಲ್ಲವೇ? (ಕಾರ್ಖಾನೆ ನೌಕರರು)

ಇದೆ ಸರ್. ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ಬ್ಯಾರಿ ಅನ್ನುವ ಊರಿಗೆ ನೀವು ಬರಬೇಕಿತ್ತು. ಬೂದು ಗ್ರಾನೈಟ್‌ಗೆ ಹೆಸರಾದ ಊರು. 1880ರ ನಂತರ ಸ್ಕಾಟ್ಲೆಂಡ್‌ನಿಂದ, ಉತ್ತರ ಇಟಲಿಯಿಂದ ಕಲ್ಲು ಕೆತ್ತುವವರು ಕುಟುಂಬ ಸಮೇತ ಬಂದರು. ಜೊತೆಗೆ ತಮ್ಮ ರಾಜಕೀಯವನ್ನೂ ತಂದರು. 1900ರಲ್ಲಿ ಇಟಲಿಯವರು ತಾವೇ ದುಡಿದು ಸೋಷಿಯಲಿಸ್ಟ್ ಲೇಬರ್ ಪಾರ್ಟಿ ಹಾಲ್ ಕಟ್ಟಿದರು. ಅದು ಇವತ್ತಿಗೂ ನಿಂತಿದೆ. ಬಾಗಿಲ ಮೇಲೆ ಸುತ್ತಿಗೆ ಹಿಡಿದ ತೋಳಿನ ಕೆತ್ತನೆ ಇದೆ. 1912ರಲ್ಲಿ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನ ಜವಳಿ ಗಿರಣಿಗಳಲ್ಲಿ ಮುಷ್ಕರ ನಡೆದಾಗ, ಅಲ್ಲಿನ ಕಾರ್ಮಿಕರ ಮಕ್ಕಳನ್ನು ಬ್ಯಾರಿಯ ಮನೆಗಳು ಇಟ್ಟುಕೊಂಡು ಸಾಕಿದವು.

ಕೆತ್ತುವ ಶೆಡ್ಡುಗಳು ಚಳಿಗೆ ಬಾಗಿಲು ಮುಚ್ಚಿರುತ್ತಿದ್ದವು. ಗಾಳಿಯಂತ್ರದ ಉಳಿ ಬಂದ ಮೇಲೆ ಧೂಳು ಇನ್ನೂ ಸಣ್ಣಗಾಯಿತು, ಶ್ವಾಸಕೋಶಕ್ಕೆ ಇಳಿಯಿತು. ಆ ರೋಗಕ್ಕೆ ಸಿಲಿಕೋಸಿಸ್ ಅಂತ ಹೆಸರು. ಎಷ್ಟೋ ಜನ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಧೂಳು ಹೀರುವ ಯಂತ್ರಗಳು ಎಲ್ಲಾ ಶೆಡ್ಡಿಗೆ ಬಂದದ್ದು 1930ರ ದಶಕದ ಕೊನೆಗೆ. ಹೋಪ್ ಸ್ಮಶಾನಕ್ಕೆ ಹೋದರೆ ಅವರೇ ಕೆತ್ತಿದ ಸಮಾಧಿಗಳು ಸಾಲುಸಾಲು. ಎಲಿಯಾ ಕೋರ್ಟಿ ಅನ್ನುವ ಶಿಲ್ಪಿ 1903ರಲ್ಲಿ ಅದೇ ಲೇಬರ್ ಹಾಲ್‌ನಲ್ಲಿ, ಎರಡು ರಾಜಕೀಯ ಗುಂಪುಗಳ ಗಲಾಟೆಯಲ್ಲಿ ಗುಂಡು ತಗುಲಿ ಸತ್ತರು. ಅವರ ಸಮಾಧಿಯ ಮೇಲೆ ಕಲ್ಲಿನ ಕೋರ್ಟಿ ಕೋಟು ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಕಲ್ಲಿನಲ್ಲೇ ಕೆತ್ತಿದ ಅವರ ಉಪಕರಣಗಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಎಣಿಸಬಹುದು. ನಾನು ವರ್ಷಕ್ಕೊಮ್ಮೆಯಾದರೂ ಹೋಗಿ ಅಲ್ಲಿ ನಿಂತು ಬರುತ್ತೇನೆ.

ಪ್ರಶ್ನೆ: ಬಿಳಿಯರೇ ಜಾಸ್ತಿ ಇರುವ ಕಡೆ ನಿಮ್ಮನ್ನು ಬೇರೆಯಾಗಿ ನೋಡಲ್ವಾ? ಮುಚ್ಚಿಡದೆ ಹೇಳಿ. (ಹೆಸರು ಬೇಡ ಅಂದವರು)

ನೂರಕ್ಕೆ ತೊಂಬತ್ತರಷ್ಟು ಬಿಳಿಯರು. ನೋಡುತ್ತಾರೆ. ‘ನಿಜವಾಗಿ ಯಾವ ಊರು ನಿಮ್ಮದು?’ ಅನ್ನುವ ಪ್ರಶ್ನೆ ಇಷ್ಟು ವರ್ಷದ ಮೇಲೂ ನನ್ನ ಕಿವಿಗೆ ಬೀಳುತ್ತದೆ. ಕೇಳುವವರಲ್ಲಿ ಜಾಸ್ತಿ ಜನರಿಗೆ ಕೆಟ್ಟ ಮನಸ್ಸಿಲ್ಲ, ಆದರೂ ಮನಸ್ಸು ಮುದುಡುತ್ತದೆ. ಇದಕ್ಕಿಂತ ದೊಡ್ಡ ನೋವುಗಳಿವೆ. ಬೆನ್ನಿಂಗ್ಟನ್‌ನ ಶಾಸಕಿ, ಕಪ್ಪು ಮಹಿಳೆ ಕಯಾ ಮಾರಿಸ್, ಜನಾಂಗೀಯ ಕಿರುಕುಳ ತಾಳಲಾರದೆ 2018ರಲ್ಲಿ ಸ್ಥಾನ ಬಿಟ್ಟರು. ಅವತ್ತು ನಾನು ಅತ್ತಿದ್ದೆ.

ಅದೇ ರಾಜ್ಯ ಬೇರೆ ಬಾಗಿಲನ್ನೂ ತೆರೆಯಿತು. 2021ರಲ್ಲಿ ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿ ನಗರಗಳು, ಪೌರತ್ವ ಇಲ್ಲದಿದ್ದರೂ ಕಾನೂನುಬದ್ಧವಾಗಿ ನೆಲೆಸಿದವರು ನಗರದ ಚುನಾವಣೆಯಲ್ಲಿ ಮತ ಹಾಕಬಹುದು ಅಂತ ಮಾಡಿದವು. ಗವರ್ನರ್ ಒಪ್ಪಲಿಲ್ಲ, ಶಾಸಕರು ಬಿಡಲಿಲ್ಲ. ವಿನೂಸ್ಕಿಯಲ್ಲಿ ಭೂತಾನ್‌ನಿಂದ ಹೊರಹಾಕಿಸಿಕೊಂಡು ಬಂದ ನೇಪಾಳಿ ಕುಟುಂಬಗಳು ಬಹಳ ಇವೆ. ಅಲ್ಲಿನ ಅಂಗಡಿಗಳಲ್ಲೇ ನನಗೆ ಸಾಸಿವೆ, ಮೆಂತ್ಯ ಸಿಗುವುದು. ಆ ಹಕ್ಕು ಬಂದಾಗ ನಾನು ಗೋಡೆ ಪಕ್ಕದ ನನ್ನ ಒಂಬತ್ತು ವರ್ಷ ನೆನೆಸಿಕೊಂಡೆ. ನನ್ನೂರಿಗೆ ಅದು ಇನ್ನೂ ಬಂದಿಲ್ಲ. ಬರಬೇಕು.

ಪ್ರಶ್ನೆ: 2023ರ ನೆರೆಯಲ್ಲಿ ನಿಮ್ಮ ಕಡೆ ಏನಾಯಿತು? (ಇಬ್ಬರು ಓದುಗರು)

ಜುಲೈ 10 ಮತ್ತು 11. ರಾಜಧಾನಿಯ ಪೇಟೆ ಬೀದಿಯಲ್ಲಿ ಜನ ದೋಣಿಯಲ್ಲಿ ಓಡಾಡಿದರು. ಈ ರಾಜ್ಯದ ಊರುಗಳು ನದಿ ದಂಡೆಯಲ್ಲೇ ಹುಟ್ಟಿದವು, ಯಾಕೆಂದರೆ ಗಿರಣಿಗೆ ನೀರಿನ ಬಲ ಬೇಕಿತ್ತು. ಅದೇ ಈಗ ಕಷ್ಟ. 1927ರ ನವೆಂಬರ್ ನೆರೆಯಲ್ಲಿ 84 ಜನ ಸತ್ತಿದ್ದರು, ಲೆಫ್ಟಿನೆಂಟ್ ಗವರ್ನರ್ ಕೂಡ ಅವರಲ್ಲಿ ಒಬ್ಬರು. 2023 ಆಗಿ ಸರಿಯಾಗಿ ಒಂದು ವರ್ಷಕ್ಕೆ, 2024ರ ಅದೇ ತಾರೀಖಿಗೆ, ಮತ್ತೆ ನೆರೆ ಬಂತು. ಆ ವರ್ಷವೇ ವರ್ಮಾಂಟ್ ಒಂದು ಕಾನೂನು ತಂದಿತು: ವಾತಾವರಣ ಕೆಟ್ಟಿದ್ದರಿಂದ ಆಗುವ ನಷ್ಟದ ಪಾಲನ್ನು ದೊಡ್ಡ ತೈಲ ಕಂಪನಿಗಳು ಕೊಡಬೇಕು ಅಂತ. ಅಮೆರಿಕದಲ್ಲಿ ಇದೇ ಮೊದಲು. ಅದರ ಮೇಲೆ ಕೇಸು ಬಿದ್ದಿದೆ.

ನಾನು ಮಾಂಟ್‌ಪೀಲಿಯರ್‌ನಲ್ಲಿ ಗೆಳತಿಯ ಅಂಗಡಿಯ ನೆಲಮಾಳಿಗೆಯಿಂದ ಆರು ದಿನ ಕೆಸರು ಹೊತ್ತೆ. ಬಕೆಟ್ ಕೈ ಬದಲಾಯಿಸುವ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಹೈಸ್ಕೂಲ್ ಹುಡುಗ, ಮುಂದೆ ಒಬ್ಬರು ನಿವೃತ್ತ ಜಡ್ಜ್. ನಮ್ಮೂರಲ್ಲಿ ಎರಡು ರಸ್ತೆ ಹೋದವು. ನಮ್ಮ ರಸ್ತೆ ಹೋಗಲಿಲ್ಲ. 2012ರಲ್ಲಿ ಹದಿನಾಲ್ಕು ಮತದಿಂದ ಗೆದ್ದ ಆ ಮೋರಿ ನಿಂತಿತ್ತು. ಬೆಳಗ್ಗೆ ನೋಡೋಕೆ ಹೋದರೆ ಬೀನ್ಸ್ ಬಡಿಸಿದ್ದ ಆ ಹಿರಿಯರು ಕೋಲೂರಿಕೊಂಡು ಅಲ್ಲಿ ನಿಂತಿದ್ದರು. ‘ನೀರು ದಾಟಿದೆ’ ಅಂದರು. ‘ಹೌದು’ ಅಂದೆ. ಮುಂದಿನ ಚಳಿಗಾಲ ಅವರು ತೀರಿಕೊಂಡರು. ಆ ವರ್ಷದ ಟೌನ್ ರಿಪೋರ್ಟ್‌ನ ಮುಖಪುಟದಲ್ಲಿ ಅವರ ಫೋಟೊ ಇದೆ.

ಪ್ರಶ್ನೆ: ಮಗನಿಗೆ ಬರ್ಲಿಂಗ್ಟನ್‌ನ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಏನು ಹೇಳಿ ಕಳಿಸಲಿ? (ತಾಯಿಯೊಬ್ಬರು)

ಒಳ್ಳೆಯ ಸುದ್ದಿ ಅಮ್ಮಾ. 1791ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಶಾಂಪ್ಲೇನ್ ಸರೋವರ ಅಲ್ಲಿಂದ ಕಾಣುತ್ತದೆ. ದಪ್ಪ ಕೋಟು ಇಲ್ಲಿಗೆ ಬಂದ ಮೇಲೆ ಕೊಳ್ಳಲಿ, ಅಲ್ಲಿಂದ ಹೊತ್ತು ತರುವುದು ಬೇಡ. ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು. ನಮ್ಮ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಟಾರಿಲ್ಲ, ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಕಾರು ಗಾಲಿಯವರೆಗೆ ಹೂತುಹೋಗುತ್ತದೆ. ನವೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲಾಗುವಾಗ ಮನೆ ನೆನಪಾಗುತ್ತದೆ, ಆಗ ಜಾಸ್ತಿ ಫೋನ್ ಮಾಡಿ.

ಮಾರ್ಚ್‌ನಲ್ಲಿ ಅವನಿಗೆ ಬಿಡುವಿದ್ದರೆ ಮೊದಲ ಮಂಗಳವಾರ ನಮ್ಮೂರಿಗೆ ಬರಲಿ. ಸಭೆ ಬೆಳಗ್ಗೆ ಹತ್ತಕ್ಕೆ. ಬಾಗಿಲ ಎಡಗಡೆ ಗೋಡೆ ಪಕ್ಕ ಬೆಂಚಿದೆ. ಮೂರನೆಯದರ ಹತ್ತಿರ ಹೀಟರ್ ಇದೆ, ಅಲ್ಲೇ ಕೂರಲಿ. ಊಟದ ಹೊತ್ತಿಗೆ ನಾನು ಹುಡುಕಿಕೊಂಡು ಬರುತ್ತೇನೆ.